ಒಂದೇ ಸ್ಟಾಫ್ ರೂಮು, ಎರಡು ನಿವೃತ್ತಿ

ರಾಜ್ಯ ಸರ್ಕಾರಿ ನೌಕರರ ಸಂಬಳ ಏರಿದ ಸುದ್ದಿ ಬಂದಾಗಲೆಲ್ಲ ನಮ್ಮಂಥ ಹೊರನಾಡ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ರಾಗ. ‘ಅವರಿಗೇನು ಬಿಡಿ, ಕೆಲಸ ಇರುವಾಗ ಸಂಬಳ, ಬಿಟ್ಟ ಮೇಲೆ ಪಿಂಚಣಿ. ನಾವು ಎರಡು ತಿಂಗಳು ಬೆಂಚಿನ ಮೇಲೆ ಕೂತರೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ.’ 2024ರಲ್ಲಿ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದಾಗಲೂ ಇದೇ ಮಾತು ಕೇಳಿಬಂತು.

ಸಿಟ್ಟಿಗೆ ಕಾರಣ ಇಲ್ಲವೆಂದಲ್ಲ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಆಯೋಗದ ಶಿಫಾರಸಿನಂತೆ ಆ ವರ್ಷದ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ, ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿತು. ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಸರ್ಕಾರವೇ ಹೇಳಿತು. ಇದರ ಜೊತೆಗೆ ಗಳಿಕೆ ರಜೆಯ ನಗದೀಕರಣ, ಮೈಸೂರು ಸಂಸ್ಥಾನದ ಕಾಲದಲ್ಲಿ 1891ರಲ್ಲೇ ಹುಟ್ಟಿದ ಕೆಜಿಐಡಿ ವಿಮೆ, 2025ರಿಂದ ನಗದುರಹಿತ ಚಿಕಿತ್ಸೆಯ ಆರೋಗ್ಯ ಸಂಜೀವಿನಿ ಯೋಜನೆ. ಪಟ್ಟಿ ಉದ್ದವಿದೆ.

ಆದರೆ ‘ಸರ್ಕಾರಿ ನೌಕರರು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಗುಂಪಿನೊಳಗೇ ಒಂದು ಗೆರೆ ಇದೆ. ಅದು 2006ರ ಏಪ್ರಿಲ್ 1. ಅಂದು ಅಥವಾ ಆನಂತರ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಮಾತ್ರ. ಒಂದೇ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತು, ಒಂದೇ ಪಾಠ ಮಾಡಿ, ಹೆಚ್ಚುಕಡಿಮೆ ಒಂದೇ ಸಂಬಳ ಪಡೆಯುವ ಇಬ್ಬರು ಮೇಷ್ಟ್ರುಗಳ ಮುಪ್ಪು ಬೇರೆ ಬೇರೆ.

ಲೆಕ್ಕ ಹಾಕಿ ನೋಡೋಣ. ಇಬ್ಬರೂ ನಿವೃತ್ತಿಯ ಹೊತ್ತಿಗೆ 80,000 ರೂಪಾಯಿ ಮೂಲ ವೇತನ ಪಡೆಯುತ್ತಿದ್ದಾರೆ ಎಂದುಕೊಳ್ಳಿ. ಪೂರ್ಣ ಅರ್ಹ ಸೇವೆಯಿರುವ ಹಳೆಯ ಪದ್ಧತಿಯವರಿಗೆ ಅದರ ಅರ್ಧ, ಅಂದರೆ ತಿಂಗಳಿಗೆ 40,000. ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದಂತೆ ಪಿಂಚಣಿಯೂ ಏರುತ್ತದೆ. ಮುಂದಿನ ವೇತನ ಆಯೋಗ ಬಂದರೆ ಇನ್ನೊಂದು ಜಿಗಿತ. ಅವರು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ.

ಎನ್‌ಪಿಎಸ್‌ನವರದು ಬೇರೆ ಕಥೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಅವರ ಸಂಬಳದಿಂದಲೇ ಕಡಿತ, ಸರ್ಕಾರದ ಪಾಲು ಶೇ 14. ಈ ಹಣ ಮಾರುಕಟ್ಟೆಯಲ್ಲಿ ಬೆಳೆದು ಒಂದು ಕೋಟಿ ಆಯಿತು ಎನ್ನಿ. ಕನಿಷ್ಠ ಶೇ 40ರಷ್ಟನ್ನು, ಅಂದರೆ 40 ಲಕ್ಷವನ್ನು, ವಿಮಾ ಕಂಪನಿಯ ವರ್ಷಾಶನಕ್ಕೆ ಹಾಕಲೇಬೇಕು. ಶೇ 6ರ ದರ ಸಿಕ್ಕರೆ ತಿಂಗಳಿಗೆ 20,000. ಸಾಮಾನ್ಯ ವರ್ಷಾಶನದಲ್ಲಿ ಇದಕ್ಕೆ ತುಟ್ಟಿಭತ್ಯೆ ಇಲ್ಲ. ಅರುವತ್ತನೇ ವಯಸ್ಸಿನ ಇಪ್ಪತ್ತು ಸಾವಿರ, ಎಂಬತ್ತನೇ ವಯಸ್ಸಿನಲ್ಲೂ ಇಪ್ಪತ್ತು ಸಾವಿರವೇ. ಉಳಿದ 60 ಲಕ್ಷ ಕೈಗೆ ಬರುತ್ತದೆ, ನಿಜ. ಅದು ಮನೆ ಸಾಲ, ಮಗಳ ಮದುವೆ, ಮಗನ ಓದು ಎಂದು ಎಷ್ಟು ದಿನ ಕೈಯಲ್ಲಿ ನಿಲ್ಲುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ.

ನಮ್ಮ ಸ್ಥಿತಿ ಇನ್ನೂ ಕಡಿಮೆಯದು ಎಂದು ಖಾಸಗಿ ಕಂಪನಿಯವರು ಹೇಳಬಹುದು. ಅದೂ ಸರಿಯೇ. ಇಪಿಎಸ್ ಪಿಂಚಣಿಯನ್ನು 15,000 ರೂಪಾಯಿ ವೇತನದ ಮಿತಿಯಲ್ಲಿ ಲೆಕ್ಕ ಹಾಕಿದರೆ, 35 ವರ್ಷ ದುಡಿದವನಿಗೆ ತಿಂಗಳಿಗೆ 7,500. ಆದರೆ ನಮಗಿಲ್ಲ ಎನ್ನುವುದು ಇನ್ನೊಬ್ಬರಿಂದ ಕಿತ್ತುಕೊಳ್ಳಲು ಕಾರಣವಾಗಬಾರದು.

ಈ ಚರ್ಚೆಯಲ್ಲಿ ನಾವು ಮರೆಯುವ ಇನ್ನೊಂದು ಸಂಗತಿಯಿದೆ. ಪಿಂಚಣಿಯ ಫಲಾನುಭವಿ ಪಿಂಚಣಿದಾರ ಒಬ್ಬನೇ ಅಲ್ಲ. ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಇಂದು ಮೂವತ್ತು ನಲವತ್ತರ ಆಸುಪಾಸಿನಲ್ಲಿರುವ ಕನ್ನಡಿಗರನ್ನು ಕೇಳಿ ನೋಡಿ: ಅಪ್ಪ ಮೇಷ್ಟ್ರು, ಅಮ್ಮ ನರ್ಸು, ಮಾವ ಕಂದಾಯ ಇಲಾಖೆ, ಚಿಕ್ಕಪ್ಪ ಕೆಇಬಿ. ಊರಿನಲ್ಲಿ ಪ್ರತಿ ತಿಂಗಳು ಪಿಂಚಣಿ ಬೀಳುತ್ತಿದ್ದುದರಿಂದಲೇ ನಾವು ಮೊದಲ ಸಂಬಳದಲ್ಲಿ ಮನೆಗೆ ದುಡ್ಡು ಕಳಿಸುವ ಬದಲು ಪಿಜಿಗೆ ಅಡ್ವಾನ್ಸ್ ಕೊಟ್ಟೆವು, ನೋಟಿಸ್ ಪೀರಿಯಡ್ ಹಾಕಿ ಹೊಸ ಕಂಪನಿ ಹುಡುಕಿದೆವು, ಸ್ಟಾರ್ಟ್‌ಅಪ್ ಸೇರುವ ಧೈರ್ಯ ಮಾಡಿದೆವು. ಅಪ್ಪನ ಮಾತ್ರೆಯ ಖರ್ಚು ಅಪ್ಪನೇ ನೋಡಿಕೊಂಡರು. ನಮ್ಮ ಸಾಹಸಕ್ಕೆ ಜಾಮೀನು ನಿಂತದ್ದು ಆ ಪಿಂಚಣಿ.

2006ರ ನಂತರ ಸೇರಿದವರ ಮಕ್ಕಳಿಗೆ ಆ ಜಾಮೀನು ಇರುವುದಿಲ್ಲ. ಅಂದು ಇಪ್ಪತ್ತೈದರ ವಯಸ್ಸಿನಲ್ಲಿ ಸೇರಿದವರು ನಿವೃತ್ತರಾಗುವುದು 2040ರ ಸುಮಾರಿಗೆ. ಹಾಗಾಗಿ ಇದರ ಬಿಸಿ ಇನ್ನೂ ಪೂರ್ತಿ ತಟ್ಟಿಲ್ಲ. ತಡವಾಗಿ, ನಲವತ್ತರ ಅಂಚಿನಲ್ಲಿ ಸೇರಿದವರು ಮಾತ್ರ ಈಗ ಸಣ್ಣ ಮೊತ್ತ ಹಿಡಿದು ಹೊರಬರುತ್ತಿದ್ದಾರೆ. ಅವರ ಮಕ್ಕಳು ದೂರದ ಊರಿನ ಕೆಲಸಕ್ಕೆ ಸೇರುವ ಮುಂಚೆ ಎರಡು ಸಲ ಯೋಚಿಸಬೇಕಾಗುತ್ತದೆ.

ಹಾಗಾದರೆ ಹಳೆಯದನ್ನೇ ಮರಳಿ ತರಬೇಕೆ? ರಾಜಸ್ಥಾನ, ಹಿಮಾಚಲ ಪ್ರದೇಶ ಆ ದಾರಿ ಹಿಡಿದವು. ಕರ್ನಾಟಕ 2024ರಲ್ಲಿ, 2006ಕ್ಕೂ ಮುಂಚೆ ಅಧಿಸೂಚನೆಯಾಗಿ ಆನಂತರ ನೇಮಕವಾದ ಸುಮಾರು 13,000 ಮಂದಿಗೆ ಮಾತ್ರ ಹಳೆಯ ಪಿಂಚಣಿ ಕೊಟ್ಟಿತು. ಎಲ್ಲರಿಗೂ ಕೊಟ್ಟರೆ ಬಿಲ್ಲು ಬರುವುದು ಇಪ್ಪತ್ತು ವರ್ಷದ ನಂತರ. ಕಟ್ಟುವವರು ಇಂದು ಶಾಲೆಯಲ್ಲಿರುವ ಮಕ್ಕಳು. ಅವರಲ್ಲಿ ಹೆಚ್ಚಿನವರಿಗೆ ಸರ್ಕಾರಿ ನೌಕರಿಯೂ ಇಲ್ಲ, ಪಿಂಚಣಿಯೂ ಇಲ್ಲ. ಸರ್ಕಾರಿ ಕಚೇರಿಗಳಲ್ಲೇ ಹೊರಗುತ್ತಿಗೆಯಲ್ಲಿ ದುಡಿಯುವವರು, ಅತಿಥಿ ಉಪನ್ಯಾಸಕರು, ಆಶಾ ಕಾರ್ಯಕರ್ತೆಯರು ಈ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

ಮಧ್ಯದ ದಾರಿ ಇದೆ. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ತನ್ನ ನೌಕರರಿಗೆ ತಂದ ಏಕೀಕೃತ ಪಿಂಚಣಿಯಲ್ಲಿ ನೌಕರನ ವಂತಿಗೆ ಮುಂದುವರಿಯುತ್ತದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಖಾತರಿಯಿದೆ, ಬೆಲೆಯೇರಿಕೆಗೆ ಪರಿಹಾರವೂ ಇದೆ. ಅದರಲ್ಲೂ ಕೊರತೆಗಳಿವೆ. ಆದರೆ ಮಾರುಕಟ್ಟೆ ಕುಸಿದರೆ ನಷ್ಟ ಯಾರದು ಎಂಬ ಪ್ರಶ್ನೆಗೆ ಅದು ಉತ್ತರಿಸುತ್ತದೆ: ಪೂರ್ತಿ ನೌಕರನದಲ್ಲ, ಪೂರ್ತಿ ಬೊಕ್ಕಸದ್ದೂ ಅಲ್ಲ. ಕರ್ನಾಟಕ ಈ ದಿಕ್ಕಿನಲ್ಲಿ ಯೋಚಿಸುವುದು ಒಳ್ಳೆಯದೆಂದು ನನ್ನ ಅನಿಸಿಕೆ.

ಅದು ಸರ್ಕಾರದ ಕೆಲಸ. ನಾವು ಮಾಡಬಹುದಾದದ್ದೂ ಸ್ವಲ್ಪ ಇದೆ. ಎಸ್‌ಐಪಿ, ಟರ್ಮ್ ಇನ್ಶೂರೆನ್ಸ್ ಎಂದು ದಿನವಿಡೀ ಮಾತಾಡುವ ನಾವು, ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಸರ್ಕಾರಿ ಕೆಲಸದಲ್ಲಿರುವ ತಂಗಿಯನ್ನೋ ಭಾವನನ್ನೋ ಕೇಳೋಣ: ಎನ್‌ಪಿಎಸ್ ಖಾತೆಗೆ ಪ್ರತಿ ತಿಂಗಳ ವಂತಿಗೆ ಬಿದ್ದಿದೆಯೇ, ನಾಮಿನಿ ಯಾರು, ಮದುವೆಯಾದ ಮೇಲೆ ಅದನ್ನು ಬದಲಾಯಿಸಿದ್ದೀರಾ, ಕೆಜಿಐಡಿ ಬಾಂಡು ಎಲ್ಲಿದೆ? ಹಾಗೆಯೇ ಪಿಂಚಣಿದಾರರಾದ ಅಪ್ಪ ಅಮ್ಮನ ಜೀವಿತ ಪ್ರಮಾಣಪತ್ರ ನವೆಂಬರ್‌ನಲ್ಲಿ ಸಲ್ಲಿಕೆಯಾಯಿತೇ ಎಂದೂ ವಿಚಾರಿಸೋಣ. ವಾಟ್ಸಾಪ್ ಜಗಳ ಆಮೇಲೂ ಮುಂದುವರಿಸಬಹುದು.