ಶಿರವಸ್ತ್ರದ ಚರ್ಚೆ ಮತ್ತು ನಿಂತುಹೋದ ಓದು

ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಶಿರವಸ್ತ್ರದ ವಿವಾದ 2022ರಲ್ಲಿ ಇಡೀ ದೇಶದ ವಿಷಯವಾಯಿತು. ಫೆಬ್ರವರಿ 5ಕ್ಕೆ ಸರಕಾರದ ಆದೇಶ, ಮಾರ್ಚ್ 15ಕ್ಕೆ ಅದನ್ನು ಎತ್ತಿಹಿಡಿದ ಹೈಕೋರ್ಟ್ ತೀರ್ಪು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾ. ಹೇಮಂತ್ ಗುಪ್ತಾ ಆದೇಶವನ್ನು ಒಪ್ಪಿದರು. ಒಪ್ಪದ ನ್ಯಾ. ಸುಧಾಂಶು ಧುಲಿಯಾ ಮುಖ್ಯವಾಗಿ ನೋಡಿದ್ದು ಹುಡುಗಿಯ ಓದನ್ನು. ನಾವು ಅದನ್ನು ನೋಡಿದ್ದೇವಾ?

ತಲೆಯ ಬಟ್ಟೆ ತೆಗೆದರೆ ಮಾತ್ರ ಪಾಠ ಅನ್ನುವುದು ಅನ್ಯಾಯ. ಇದರಲ್ಲಿ ಎರಡು ಮಾತಿಲ್ಲ. ಆದರೆ ಕಾಲೇಜು ಬಿಟ್ಟ ಹುಡುಗಿಯನ್ನು ಹೊಗಳಿ ಅಂದು ಸ್ಟೇಟಸ್ ಹಾಕಿದವರು, ಮುಂದಿನ ಜೂನಿನಲ್ಲಿ ಅವಳು ಎಲ್ಲಿ ಸೇರಿದಳು ಎಂದು ವಿಚಾರಿಸಿದ್ದು ಕಮ್ಮಿ.

ನಮ್ಮ ಚರ್ಚೆ ಈಗ ಬುರ್ಖಾದ ಬಣ್ಣ, ಅದರ ಕಲ್ಲಿನ ಕೆಲಸ, ನಿಖಾಬು ಬೇಕಾ ಬೇಡವಾ ಎಂಬಲ್ಲಿದೆ. ಹಳೆಯ ಬ್ಯಾರಿ ಹೆಂಗಸರು ತುಣಿ, ಕುಪ್ಪಾಯ ಉಟ್ಟು, ಹೊರಗೆ ಹೋಗುವಾಗ ವಲ್ಲಿ ಹೊದೆಯುತ್ತಿದ್ದರು. ಬುರ್ಖಾ ಆಮೇಲೆ ಬಂದದ್ದು. ಆ ಉಮ್ಮಂದಿರ ಹಯಾದಲ್ಲಿ ಏನು ಕೊರತೆ ಇತ್ತು? ಮುಖ ಮುಚ್ಚುವ ಬಗ್ಗೆ ನಮ್ಮ ಶಾಫಿಈ ಇಮಾಮರಲ್ಲೇ ಅಭಿಪ್ರಾಯ ಭೇದವಿದೆ. ಉಸ್ತಾದರು ಕಿತಾಬು ಬಿಡಿಸಿ ಅದಬಿನಿಂದ ಹೇಳುವ ಮಾತಿಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದೊಳಗೆ ಫತ್ವಾ ಬರುತ್ತದೆ, ಅದೂ ಹುಡುಗರಿಂದ. ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸಲು ಗಂಡಸರಿಗೆ ಹೇಳಿದ್ದು 30ನೇ ಆಯತ್ತಿನಲ್ಲಿ, ಹೆಂಗಸರಿಗೆ ಹೇಳಿದ್ದು 31ರಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ನಮ್ಮ ಮಕ್ಕಳಿಗೆ ಮೊದಲನೆಯದು ನೆನಪಿದೆಯಾ?

ಜಮಾಅತ್ ಕಮಿಟಿಗಳು ಒಂದು ಕೆಲಸ ಮಾಡಬಹುದು. ಆ ವರ್ಷದಿಂದ ಈಚೆಗೆ ಓದು ನಿಂತ ಹೆಣ್ಣುಮಕ್ಕಳ ಪಟ್ಟಿ ಮಾಡಿ. ಕಲಾ, ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿಯನ್ನು ಖಾಸಗಿಯಾಗಿ ಕಟ್ಟಬಹುದು. ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆ ಇದೆ. ಡಿಗ್ರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಇದೆ. ಮದುವೆಯಾಗಿ ಮಗು ಇದ್ದವರಿಗೂ ಇದು ಆಗುತ್ತದೆ. ಫೀಸು ಕಟ್ಟಲಾಗದ ಮನೆಗೆ ಮೀಲಾದಿನ ಲೈಟಿಂಗ್ ದುಡ್ಡಿನಿಂದ ಒಂದು ಪಾಲು ತೆಗೆಯಿರಿ. ಲೈಟಿಂಗ್ ಬೇಡ ಅನ್ನುತ್ತಿಲ್ಲ, ನಾಲ್ಕು ಮಾಲೆ ಕಮ್ಮಿಯಾಗಲಿ.

ಪಟ್ಟಿ ಮಾಡಲು ಹೆಂಗಸರನ್ನೇ ಕಳಿಸಿ. ಗಂಡಸರು ಹೋದರೆ ಜಗಲಿಯಲ್ಲಿ ಕೂತ ಬಾಪನ ಉತ್ತರ ಮಾತ್ರ ಸಿಗುತ್ತದೆ. ಅರ್ಜಿಯ ಕೊನೆಯ ದಿನ ಮೀರುವ ಮೊದಲು, ಜುಮಾ ಮುಗಿದ ಮೇಲೆ ಕಮಿಟಿಯವರು ಅರ್ಧ ಗಂಟೆ ಇದಕ್ಕೆ ಕೂತುಕೊಳ್ಳಲಿ.