ಚಿಂದಿ ಗೊಂಬೆ ಹೊಲಿದವಳ ಹೆಸರೇನು?

ಅಮೆರಿಕದ ಜಾನಿ ಗ್ರುಯೆಲ್ 1915ರಲ್ಲಿ ಒಂದು ಚಿಂದಿ ಗೊಂಬೆಯ ವಿನ್ಯಾಸಕ್ಕೆ ಪೇಟೆಂಟ್ ಪಡೆದ. 1918ರಲ್ಲಿ ಅದರ ಕಥೆಗಳನ್ನೂ ಅಚ್ಚು ಹಾಕಿಸಿದ. ಆ 'ರಾಗೆಡಿ ಆ್ಯನ್'ಳನ್ನು ಮುಂದೆ ಎಷ್ಟೋ ಕಂಪನಿಗಳು ಮತ್ತೆ ಮತ್ತೆ ಹೊಲಿಸಿ ಮಾರಿದವು. ಸಂಗ್ರಾಹಕರು ಇಂದಿಗೂ ಅವಳ ಮೈಮೇಲಿನ ಮುದ್ರೆ, ಪಟ್ಟಿ ನೋಡಿ ದಶಕ ಗುರುತಿಸಿ ಬೆಲೆ ಕಟ್ಟುತ್ತಾರೆ.

ನಮ್ಮ ಮುಶಿಗೇರಿ ಕಡೆ ಕೌದಿ ಹೊಲಿದು ಉಳಿದ ಇಳಕಲ್ ಸೀರೆಯ ತುಂಡಿನಲ್ಲಿ ಮೊಮ್ಮಗಳಿಗೆ ಗೊಂಬೆ ಮಾಡಿಕೊಟ್ಟವಳ ಹೆಸರನ್ನು ಯಾರು ಬರೆದಿಟ್ಟರು? ಅದನ್ನು 'ಹೆಂಗಸರ ಹೊತ್ತುಗಳೆಯುವ ಕೆಲಸ' ಎಂದವರೇ ಪೇಟೆಯಲ್ಲಿ 'ಅಜ್ಜಿ ಕಾಲದ ಗೊಂಬೆ'ಯ ನಕಲಿಗೆ ನೂರಾರು ರೂಪಾಯಿ ಎಣಿಸುತ್ತಾರೆ! ಮನೆಯ ಅಸಲಿಗೆ ಮಾತ್ರ ಒಲೆಕಟ್ಟೆ ಒರೆಸುವ ಗತಿ.

ನಕಲು ಕೊಳ್ಳಬೇಡಿರೆಂದು ನಾನು ಹೇಳುವುದಿಲ್ಲ. ಕೊಳ್ಳುವಾಗ ಹೊಲಿದವಳಿಗೆ ಸಿಕ್ಕ ಕೂಲಿಯೆಷ್ಟೆಂದು ಕೇಳಿ. ಟ್ರಂಕಿನ ತಳದಲ್ಲಿ ಅಜ್ಜಿಯ ಗೊಂಬೆಯಿದ್ದರೆ ಅದರ ಬೆನ್ನಿಗೆ ಅವಳ ಹೆಸರು, ಊರು ಹೊಲಿದಿಡಿ.