ಕೀಲಿಕೈ ಯಾರ ಬಳಿ ಇದೆ?

ಕಳೆದ ಮಾಘಮಾಸದಲ್ಲಿ ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ಗಂಗೊಳ್ಳಿಗೆ ಹೋಗಿದ್ದೆ. ಊಟ ಮುಗಿದು ಉಳಿದವರು ಎಲೆಯಡಿಕೆಯ ಸುತ್ತ ಕುಳಿತಾಗ, ಹಳೆಯ ಅಭ್ಯಾಸದಿಂದ ನನ್ನ ಕಾಲುಗಳು ತಾವಾಗಿಯೇ ಮೀನುಗಾರಿಕೆಯ ದಕ್ಕೆಯತ್ತ ನಡೆದವು. ಭರತ ಮುಗಿದು ಇಳಿತ ಇನ್ನೂ ಆರಂಭವಾಗದ ಹೊತ್ತು. ಪಂಚಗಂಗಾವಳಿಯ ನೀರು ಅಲುಗದೆ ನಿಂತಿತ್ತು. ಸಾಲಾಗಿ ಕಟ್ಟಿದ್ದ ಬೋಟುಗಳ ನಡುವೆ ಒಂದು ಮಾತ್ರ, ನೀರು ಕುಡಿಯಲು ಬಗ್ಗಿದ ದನದಂತೆ, ಮುಂಭಾಗವನ್ನು ತಗ್ಗಿಸಿ ಹಿಂಭಾಗವನ್ನು ಮೇಲೆತ್ತಿ ನಿಂತಿತ್ತು. ಅದರ ಹಿಂದೆ ಒಂದು ಪಾತಿದೋಣಿ. ಪಕ್ಕದಲ್ಲಿ ಎದೆಮಟ್ಟದ ವರೆಗೆ ನೀರಿನಲ್ಲಿ ಮುಳುಗಿ, ಬೋಟಿನ ಅಡಿಗೆ ಕೈಚಾಚಿದ್ದ ಒಬ್ಬ ಮನುಷ್ಯ.

ಅವನು ತಲೆ ಎತ್ತಿದಾಗ ಗುರುತು ಹಿಡಿದೆ. ನನ್ನ ವಿದ್ಯಾರ್ಥಿ. ಈಗ ಅವನಿಗೆ ಐವತ್ತೈದು ದಾಟಿರಬೇಕು. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳಿಗೆ ಹೇಳದೆಯೇ ತಿಳಿಯುತ್ತದೆ. ಬೋಟಿನ ಪ್ರೊಪೆಲ್ಲರನ್ನು, ನಮ್ಮ ಕಡೆಯವರು ಫ್ಯಾನು ಎನ್ನುವುದನ್ನು, ಬೋಟು ನೀರಿನಲ್ಲಿರುವಾಗಲೇ ಬದಲಿಸುತ್ತಿದ್ದ. “ಇನ್ನೂ ಇಂಥ ಧೈರ್ಯದ ಕೆಲಸ ಮಾಡುತ್ತೀಯಲ್ಲ!” ಎಂದೆ. ಅವನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಎಂಜಿನ್ನಿನ ಕೀಲಿಕೈಯನ್ನು ಎತ್ತಿ ತೋರಿಸಿದ. “ಕೀ ನನ್ನತ್ರ ಇತ್ತ್ ಮಾಷ್ಟ್ರೇ, ಧೈರ್ಯ ಎಂತಕೆ?” ಎಂದು ನಕ್ಕ.

ಆ ಮಾತು ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಆ ಕೆಲಸ ಎಂಥದೆಂಬುದನ್ನು, ಊರು ಬಿಟ್ಟು ದೂರ ನೆಲೆಸಿರುವ ನಿಮ್ಮಲ್ಲಿ ಹಲವರಿಗಾಗಿ, ವಿವರಿಸಬೇಕು.

ಬೋಟನ್ನು ದಡಕ್ಕೆ ಏರಿಸಿ ಪ್ರೊಪೆಲ್ಲರ್ ಬದಲಿಸುವುದೇ ಸರಿಯಾದ ಕ್ರಮ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೀನುಗಾರಿಕೆಯ ಋತುವಿನ ನಡುವೆ ಏರಿಸಲು ಜಾಗ ಬೇಕು, ಜನ ಬೇಕು, ದಿನಗಳು ಬೇಕು. ನಮ್ಮ ಬೋಟುಗಳಲ್ಲಿ ದುಡಿಯುವವರಿಗೆ ಬಹುಪಾಲು ಹಿಡಿದ ಮೀನಿನಲ್ಲಿ ದೊರೆಯುವ ಪಾಲೇ ಸಂಬಳ. ಬೋಟು ನಿಂತರೆ ಮಾಲೀಕನಿಗೆ ಮಾತ್ರವಲ್ಲ, ಪ್ರತಿಯೊಬ್ಬ ಕಲಾಸಿಯ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ಇನ್ನು ಭರತದಲ್ಲಿ ಬೋಟನ್ನು ದಡಕ್ಕೆ ತಂದು ಇಳಿತದಲ್ಲಿ ನೆಲಕ್ಕೆ ಕೂರಿಸೋಣವೆಂದರೆ ನಮ್ಮ ಕಡಲು ಅದಕ್ಕೂ ಒಪ್ಪುವುದಿಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಭರತ ಇಳಿತಗಳ ನಡುವಿನ ಅಂತರ ಹತ್ತು ಮೀಟರನ್ನೂ ಮುಟ್ಟುತ್ತದೆ. ನಮ್ಮಲ್ಲಿ ಅದು ಒಂದೂವರೆ ಮೀಟರಿನ ಆಸುಪಾಸು. ದೊಡ್ಡ ಬೋಟಿನ ತಳ ಅಷ್ಟರಿಂದ ಒಣಗದು. ಆದುದರಿಂದ ನೀರಿನಲ್ಲಿ ತೇಲುತ್ತಿರುವ ಬೋಟಿಗೇ ಪ್ರೊಪೆಲ್ಲರ್ ಬದಲಿಸುವವರನ್ನು ಮೂರ್ಖರೆನ್ನುವವರು ದಡದ ಮೇಲೆ ನಿಂತು ಮಾತನಾಡುತ್ತಾರೆ ಎಂದಷ್ಟೇ ನಾನು ಹೇಳಬಲ್ಲೆ.

ಅಂದು ನಾನು ಕಂಡ ಕೆಲಸದಲ್ಲಿ ಮೊದಲ ಹೆಜ್ಜೆಯೇ ನನಗೆ ಪಾಠವಾಯಿತು. ಹಿಂಭಾಗದಲ್ಲಿದ್ದ ಡೀಸೆಲ್ ಪೀಪಾಯಿಗಳು, ಹಗ್ಗ, ಬಲೆ ಎಲ್ಲವನ್ನೂ ಮುಂಭಾಗಕ್ಕೆ ಸಾಗಿಸಿದ್ದರು. ಭಾರ ಮುಂದಕ್ಕೆ ಹೋದಂತೆ ಹಿಂಭಾಗ ಎದ್ದು, ಪ್ರೊಪೆಲ್ಲರಿನ ಮೇಲಿನ ಅರ್ಧ ನೀರಿನಿಂದ ಹೊರಬಂದಿತ್ತು. ದೊಡ್ಡ ಸರಕು ಹಡಗುಗಳಲ್ಲೂ ಮುಂಭಾಗದ ತೊಟ್ಟಿಗಳಿಗೆ ನೀರು ತುಂಬಿ ಇದೇ ಉಪಾಯವನ್ನು ಮಾಡುವುದುಂಟು. ಆರ್ಕಿಮಿಡೀಸನ ತತ್ತ್ವವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ನಾನು, ಒಮ್ಮೆಯೂ ಈ ಉದಾಹರಣೆಯನ್ನು ಕೊಟ್ಟಿರಲಿಲ್ಲ. ಶಾಲೆಯಿಂದ ದಕ್ಕೆಗೆ ಹತ್ತು ನಿಮಿಷದ ದಾರಿ.

ಎರಡನೆಯದು, ತಿರುಗದಂತೆ ಹಿಡಿಯುವುದು. ಪ್ರೊಪೆಲ್ಲರಿನ ಎಲೆಗೂ ಬೋಟಿನ ಮೈಗೂ ನಡುವೆ ಮರದ ತುಂಡನ್ನು ಅಡ್ಡ ಕೊಟ್ಟಿದ್ದರು. ನೆಲದ ಮೇಲೆ ನಿಂತು ಸ್ಪ್ಯಾನರ್ ಎಳೆದರೆ ನಟ್ಟು ತಿರುಗುತ್ತದೆ. ನೀರಿನಲ್ಲಿ ತೇಲುತ್ತ ಎಳೆದರೆ ಎಳೆದವನೇ ತಿರುಗುತ್ತಾನೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಆದುದರಿಂದ ಅವನು ಚುಕ್ಕಾಣಿಗೆ ಹಗ್ಗ ಬಿಗಿದು, ಅದರಲ್ಲಿ ಕಾಲಿಟ್ಟು, ಮೈಗೆ ಆಧಾರ ಮಾಡಿಕೊಂಡಿದ್ದ.

ಮೂರನೆಯದು ಕಳಚುವ ಕ್ರಮ. ಶಾಫ್ಟಿನ ತುದಿ ಕ್ರಮೇಣ ಸಪುರವಾಗುತ್ತ ಹೋಗುತ್ತದೆ. ಪ್ರೊಪೆಲ್ಲರ್ ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ತಿರುಗಿ ಜಾರದಂತೆ ನಡುವೆ ಒಂದು ಲೋಹದ ಬೆಣೆ ಇರುತ್ತದೆ. ಹಿಂದೆ ನಟ್ಟು, ನಟ್ಟು ಸಡಿಲವಾಗದಂತೆ ಪಿನ್ನು. ಪಿನ್ನು ತೆಗೆದ ಮೇಲೆ ನಟ್ಟನ್ನು ಕೆಲವು ಸುತ್ತು ಸಡಿಲಿಸಬೇಕು, ಪೂರ್ಣ ತೆಗೆಯಬಾರದು. ಪುಲ್ಲರ್ ಹಾಕಿ ಬಿಗಿದಾಗ ವರ್ಷಗಟ್ಟಲೆ ಕಚ್ಚಿ ಕುಳಿತದ್ದು ಫಟ್ಟನೆ ಬಿಡುತ್ತದೆ. ಆಗ ನಟ್ಟು ಇರದಿದ್ದರೆ ಪ್ರೊಪೆಲ್ಲರ್ ಕಳಚಿ ಕೆಲಸಗಾರನ ಮೈಮೇಲೋ ಕೆಸರಿನ ತಳಕ್ಕೋ ಬೀಳುತ್ತದೆ. ನಲವತ್ತು ಕಿಲೋ ತೂಕದ ಕಂಚಿನ ಪ್ರೊಪೆಲ್ಲರ್ ಕಡಲ ನೀರಿನಲ್ಲಿ ಮುಳುಗಿದಾಗ ಸುಮಾರು ಐದು ಕಿಲೋ ಮಾತ್ರ ಹಗುರವಾಗುತ್ತದೆ. ನೀರು ಹೊರುತ್ತದೆಂದು ನಂಬುವಂತಿಲ್ಲ. ಆದುದರಿಂದ ಅದಕ್ಕೂ ಮೊದಲೇ ಹಗ್ಗ ಕಟ್ಟಿ ಮೇಲಿನವರ ಕೈಗೆ ಕೊಟ್ಟಿರಬೇಕು. ಸ್ಪ್ಯಾನರಿಗೂ ದಾರ, ಬೆಣೆಗೂ ಡಬ್ಬಿ. ನೀರಿಗೆ ಬಿದ್ದ ನಟ್ಟು ಮತ್ತೆ ಸಿಕ್ಕುವುದಿಲ್ಲ.

ಇದರಲ್ಲಿ ಎಲ್ಲಿದೆ ಸಾಹಸ? ಮೊದಲಿನಿಂದ ಕೊನೆಯ ವರೆಗೂ ಇರುವುದು ಕ್ರಮ ಮಾತ್ರ.

ಪ್ರೊಪೆಲ್ಲರಿನ ಚರಿತ್ರೆಯಲ್ಲಿಯೂ ಒಂದು ಸ್ವಾರಸ್ಯವಿದೆ. ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಇಂಗ್ಲೆಂಡಿನ ರೈತ 1836ರಲ್ಲಿ ತನ್ನ ತಿರುಪಿಗೆ ಪೇಟೆಂಟ್ ಪಡೆದ. ಅದು ಎರಡು ಪೂರ್ಣ ಸುತ್ತುಗಳ ಮರದ ತಿರುಪು. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷಿಸುತ್ತಿದ್ದಾಗ ಅದರ ಅರ್ಧ ಭಾಗ ಮುರಿದುಹೋಯಿತು. ದೋಣಿ ನಿಲ್ಲುವುದರ ಬದಲು ಇನ್ನೂ ವೇಗವಾಗಿ ಓಡಿತು! ಸ್ಮಿತ್ ಅದನ್ನು ಅದೃಷ್ಟವೆಂದು ಸುಮ್ಮನಾಗಲಿಲ್ಲ. ಗಮನಿಸಿದ, ಒಂದೇ ಸುತ್ತಿನ ತಿರುಪನ್ನು ಮಾಡಿಸಿದ. ತೇಲುವ ದೋಣಿಯ ಪ್ರೊಪೆಲ್ಲರನ್ನು ಬದಲಿಸಿದವರಲ್ಲಿ ಮೊದಲಿಗ ಒಂದು ಅಪಘಾತವೇ ಎನ್ನಬಹುದು. ಆದರೆ ಅಪಘಾತ ಎಲ್ಲರಿಗೂ ಇಷ್ಟು ಉದಾರವಾಗಿರುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

1983ರಲ್ಲಿ ಈ ಹುಡುಗ ಒಂಬತ್ತನೆಯ ತರಗತಿಯಲ್ಲಿದ್ದ. ರಜೆಯ ದಿನ, ಅಳಿವೆಯ ಬಳಿ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡು ನಿಂತಿದ್ದ ಬೋಟಿನ ಕೆಳಗೆ ಚೂರಿ ಕಚ್ಚಿಕೊಂಡು ಧುಮುಕಿ ಬಲೆ ಕತ್ತರಿಸಿ ಬಿಡಿಸಿದ. ಸುದ್ದಿ ಶಾಲೆಗೆ ಬಂತು. ಆ ವರ್ಷದ ವಾರ್ಷಿಕೋತ್ಸವದಲ್ಲಿ ಅವನನ್ನು ವೇದಿಕೆಗೆ ಕರೆದು ಹಾರ ಹಾಕಿ ಒಂದು ಪುಸ್ತಕ ಕೊಡಿಸಿದವನು ನಾನು. “ಹಿಂದೆ ಮುಂದೆ ನೋಡದೆ ಧುಮುಕಿದ ವೀರ” ಎಂದು ಭಾಷಣವನ್ನೂ ಮಾಡಿದೆ. ನಿಮ್ಮಲ್ಲಿ ಕೆಲವರು ಅಂದು ಚಪ್ಪಾಳೆ ತಟ್ಟಿದ್ದೀರಿ. ಎಂಜಿನ್ ನಿಲ್ಲಿಸಿದ್ದರೇ, ಕೀಲಿಕೈ ಯಾರ ಬಳಿ ಇತ್ತು, ಮೇಲೆ ಯಾರು ಕಾವಲಿದ್ದರು ಎಂದು ನಾನು ಕೇಳಲಿಲ್ಲ. ವಿಜ್ಞಾನದ ಮೇಷ್ಟ್ರಾಗಿದ್ದೂ ಕೇಳಲಿಲ್ಲ.

1994ರಲ್ಲಿ, ಅವನಿಗೆ ಇಪ್ಪತ್ತೈದರ ಪ್ರಾಯ, ಹೀಗೆಯೇ ಪ್ರೊಪೆಲ್ಲರ್ ಬದಲಿಸಲು ನೀರಿಗಿಳಿದಿದ್ದ. ಕೆಲಸ ಮುಗಿಯಿತೆಂದು ಭಾವಿಸಿ ಮೇಲಿದ್ದವನು ಎಂಜಿನ್ ಚಾಲೂ ಮಾಡಿದ. ಗೇರು ನ್ಯೂಟ್ರಲ್ಲಿನಲ್ಲಿದೆ ಎಂದು ಅವನೆಣಿಕೆ, ಇರಲಿಲ್ಲ. ನನ್ನ ಹುಡುಗನ ಎಡಗೈಯ ಎರಡು ಬೆರಳುಗಳು ಹೋದವು. ಆಸ್ಪತ್ರೆಗೆ ನೋಡಲು ಹೋದಾಗ, ಅವನ ತಾಯಿ ನನ್ನ ಮುಂದೆ ಕಾಫಿ ಇಟ್ಟು, “ನೀವು ಕೊಟ್ಟ ಪುಸ್ತಕ ಇನ್ನೂ ಪೆಟ್ಟಿಗೆಯಲ್ಲಿದೆ ಮಾಷ್ಟ್ರೇ” ಎಂದರು. ಆಕೆ ಗೌರವದಿಂದಲೇ ಹೇಳಿದ್ದು. ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಎಂಜಿನ್ ಚಾಲೂ ಮಾಡಿದವನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅವನೂ ಆ ಹೊತ್ತಿನ ಅವಸರದ ಕೂಸು. ನಮ್ಮ ಸಮಾಜವೇ ಹಿಂದೆ ಮುಂದೆ ನೋಡದವನಿಗೆ ಹಾರ ಹಾಕುತ್ತದೆ, ನೋಡುವವನನ್ನು ಪುಕ್ಕಲನೆನ್ನುತ್ತದೆ. ಬ್ಯಾಟರಿಯ ತಂತಿ ಕಳಚಿದ್ದೇವೆಯೇ ಎಂದು ಎರಡನೆಯ ಸಲ ಪರೀಕ್ಷಿಸುವವನಿಗೆ ಯಾವ ವೇದಿಕೆಯ ಮೇಲೂ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಅಪಾಯದ ಕೆಲಸದಲ್ಲಿ ಧೈರ್ಯವನ್ನು ಹೊಗಳುವುದನ್ನು ನಾವು ನಿಲ್ಲಿಸಬೇಕು. ಧೈರ್ಯ ಬೇಕಾಗಿ ಬಂತೆಂದರೆ, ಸಿದ್ಧತೆಯಲ್ಲಿ ಎಲ್ಲೋ ಕೊರತೆಯಾಗಿದೆ ಎಂದೇ ಅರ್ಥ.

ಕಡಲಿನಲ್ಲಿ ಬಿರುಗಾಳಿ ಕೇಳಿಕೊಂಡು ಬರುವುದಿಲ್ಲ, ಅಲ್ಲಿ ಧುಮುಕಲೇಬೇಕಾದ ಗಳಿಗೆ ಇರುತ್ತದೆ ಎಂದು ನೀವು ಹೇಳಬಹುದು. ನಿಜ. ಅಂಥ ಗಳಿಗೆಯಲ್ಲಿ ಧುಮುಕಿದವನಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಎಂಜಿನ್ ನಿಲ್ಲಿಸಿ ಕೀಲಿಕೈಯನ್ನು ಕೇಳಿ ಪಡೆಯಲು ಒಂದು ನಿಮಿಷ ಸಾಕು. ಆ ಒಂದು ನಿಮಿಷಕ್ಕೂ ಆಸ್ಪದ ಕೊಡದ ಬಿರುಗಾಳಿಯನ್ನು ನಮ್ಮ ಅನುಭವಿ ತಾಂಡೇಲರೂ ವರ್ಣಿಸಿದ್ದನ್ನು ನಾನು ಕೇಳಿಲ್ಲ. ಅದಲ್ಲದೆ ಹೆಚ್ಚಿನ ಅಪಘಾತಗಳು ನಾನು ಕೇಳಿದಂತೆ ದಕ್ಕೆಯಲ್ಲಿ, ಶಾಂತವಾದ ನೀರಿನಲ್ಲಿ, “ಆಯಿತಲ್ಲ, ಹೊರಡೋಣ” ಎನ್ನುವ ಹೊತ್ತಿನಲ್ಲೇ ಆದವು.

ಇನ್ನೊಂದು ಮಾತು. ನೀರಿನಲ್ಲಿ ಕೂರಿಸಿದ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸುತ್ತಲೂ ಸಮವಾಗಿ ಕುಳಿತಿದೆಯೇ ಎಂದು ಒರೆಸಿ, ಒಣಗಿಸಿ, ಬಣ್ಣ ಹಚ್ಚಿ ಪರೀಕ್ಷಿಸಲು ಬರುವುದಿಲ್ಲ. ಅದು ತಾತ್ಕಾಲಿಕ ಕೆಲಸ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ದಡಕ್ಕೇರಿಸಿದ ಬೋಟಿನಲ್ಲಿ ಆ ಕೆಲಸವನ್ನು ಮತ್ತೊಮ್ಮೆ ಸರಿಯಾಗಿ ಮಾಡಬೇಕು. ಆದರೆ ಹೇಗೋ ಓಡುತ್ತಿದೆಯಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು. ತಾತ್ಕಾಲಿಕವಾದುದನ್ನು ತಾತ್ಕಾಲಿಕವೆಂದು ನೆನಪಿಡದಿರುವುದು, ಅದನ್ನು ಅವಸರದಲ್ಲಿ ಮಾಡುವುದಕ್ಕಿಂತಲೂ ದೊಡ್ಡ ತಪ್ಪು. ನನ್ನ ವಿದ್ಯಾರ್ಥಿ ಅಂದು ಕೆಲಸ ಮುಗಿಸಿ ಮೇಲೆ ಬಂದವನೇ ಚಾಲಕನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ದಿನಾಂಕ ಬರೆದು, ಕೆಳಗೆ “ಜೂನಿನಲ್ಲಿ ನೋಡುವುದು” ಎಂದು ಬರೆದ. ಅಕ್ಷರ ಇಂದಿಗೂ ದುಂಡಗಿದೆ. ಕಾಪಿ ಬರೆಸಿದ್ದಕ್ಕೆ ಅಷ್ಟಾದರೂ ಸಾರ್ಥಕವಾಯಿತು.

ಆಮೇಲೆ ಅವನು ತಲೆ ಎಣಿಸಿದ. ನೀರಿಗಿಳಿದವರು ಇಬ್ಬರು, ಇಬ್ಬರೂ ಮೇಲೆ ಬಂದಿದ್ದಾರೆಂದು ಮುಖ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಮೂರು ಬೆರಳಿನ ಎಡಗೈಯಿಂದ ಉಡಿದಾರದ ಗಂಟು ಬಿಚ್ಚಿ, ಕೀಲಿಕೈಯನ್ನು ತಾಂಡೇಲನ ಅಂಗೈಯಲ್ಲಿಟ್ಟ.

ನಿಮ್ಮಲ್ಲಿ ಹಲವರು ಈಗ ಬೋಟಿನ ಮಾಲೀಕರು. ಕೆಲವರು ಕಾರ್ಖಾನೆಗಳಲ್ಲಿ, ವಿದ್ಯುತ್ ಇಲಾಖೆಯಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದೀರಿ. ನಿಮ್ಮ ಕೈಕೆಳಗೆ ಯಾರಾದರೂ ತಿರುಗುವ ಯಂತ್ರದ ಬಳಿ ಕೈ ಇಡುವವರಿದ್ದರೆ, ಕೆಲಸ ಆರಂಭಿಸುವ ಮೊದಲು ಕೀಲಿಕೈ ಯಾರ ಬಳಿ ಇದೆಯೆಂದು ಕೇಳಿರಿ. ಅದು ಕೈ ಇಡುವವನ ಬಳಿಯೇ ಇರಲಿ. 1983ರ ಆ ಸಂಜೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ನಲವತ್ತು ವರ್ಷ ತಡವಾಗಿ ಕೇಳುತ್ತಿದ್ದೇನೆ. ನನ್ನ ಪರವಾಗಿ ನೀವಾದರೂ ಹೊತ್ತಿಗೆ ಸರಿಯಾಗಿ ಕೇಳಿರಿ.